ಸದರಿ ಭಾಗದ ಪರವಾಗಿ ಒಂದು ಅಹವಾಲು

ಸೈಕಲ್ ಸವಾರರ ಮೆತ್ತೆ ಚಡ್ಡಿ ತಯಾರಿಸುವ ಕಂಪನಿಯ ಆರಾಮ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ತಾವು ಕ್ಷೇಮವಾಗಿದ್ದೀರಿ, ಅದಕ್ಕಿಂತ ಮುಖ್ಯವಾಗಿ ಕುಳಿತಿದ್ದೀರಿ ಎಂದು ನಂಬಿ ಈ ಪತ್ರ ಬರೆಯುತ್ತಿದ್ದೇನೆ. ನಾನು ಇದನ್ನು ನಿಂತುಕೊಂಡು ಬರೆಯುತ್ತಿದ್ದೇನೆ. ಕಾರಣ ಮುಂದೆ ತಿಳಿಯುತ್ತದೆ. ತಮ್ಮ ಚಡ್ಡಿಗೆ ತೂಗುಹಾಕಿದ್ದ ಚೀಟಿಯಲ್ಲಿ 'ನಿಮ್ಮ ಆರಾಮಕ್ಕೆ ನಾವು ಹೊಣೆ' ಎಂಬ ಮಾತಿನ ಕೆಳಗೆ ತಮ್ಮ ಸಹಿಯನ್ನು ಕಂಡಾಗಿನಿಂದ, ಅಷ್ಟು ದೊಡ್ಡ ಹೊಣೆಯನ್ನು ಅಷ್ಟು ಸಣ್ಣ ಅಕ್ಷರದಲ್ಲಿ ಹೊತ್ತವರಿಗೆ ಒಂದು ನಮಸ್ಕಾರವನ್ನಾದರೂ ಹೇಳದಿದ್ದರೆ ಕೃತಘ್ನನಾದೇನೆಂಬ ಭಯ ನನ್ನನ್ನು ಕಾಡುತ್ತಿತ್ತು. ಮನುಷ್ಯರು ದೇಹದ ಯಾವ ಭಾಗದ ಮೇಲೆ ಕೂರುತ್ತಾರೋ ಅದನ್ನು, ತಮ್ಮ ಕಚೇರಿಯ ಮರ್ಯಾದೆಗೆ ತಕ್ಕಂತೆ, ಇನ್ನು ಮುಂದೆ 'ಸದರಿ ಭಾಗ' ಎಂದು ಕರೆಯುತ್ತೇನೆ.

ನಾನು ಇಪ್ಪತ್ತೆಂಟು ವರ್ಷಗಳಿಂದ ಕುರ್ಚಿ, ಸೋಫಾಗಳಿಗೆ ಮೆತ್ತೆ ಹೊಲಿಯುವ ಕಸುಬಿನವನು. ಹಲ್ಲಿನ ವೈದ್ಯರ ಕೋಣೆಯಲ್ಲಿ ಹೆದರಿ ಕೂರುವವರೂ ನ್ಯಾಯಾಲಯದಲ್ಲಿ ಹೆದರಿಸಿ ಕೂರುವವರೂ ನನ್ನ ಮೆತ್ತೆಯ ಮೇಲೆಯೇ ಕೂರುತ್ತಾರೆ. ಯಾರದೇ ಸದರಿ ಭಾಗವನ್ನು ಒಮ್ಮೆ ನೋಡಿದರೆ ಎಷ್ಟು ಇಂಚು ಫೋಮ್ ಬೇಕೆಂದು ಹೇಳಬಲ್ಲೆ. ನಾಲ್ಕು ಜನ ಸೇರಿದ ಕಡೆ ಹೇಳಬಾರದೆಂದು ಹೆಂಡತಿ ಆಣೆ ಹಾಕಿಸಿದ್ದಾಳೆ. ಆದರೆ ದೀಪದ ಬುಡದಲ್ಲಿ ಕತ್ತಲೆ ಎನ್ನುವ ಹಾಗೆ, ಊರಿಗೆಲ್ಲ ಆರಾಮ ಹಂಚಿದ ನನಗೇ ಕೂರಲು ಜಾಗವಿಲ್ಲದಂತಾಯಿತು.

ಇದಕ್ಕೆ ಮೂಲ ನನ್ನ ಅಕ್ಕ. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಮೂವತ್ತೊಂದು ವರ್ಷ ಕಾಲುವೆಯ ದಂಡೆಯ ಮೇಲೆ ಸೈಕಲ್ ತುಳಿದು ಟಪಾಲು ಹಂಚಿದವಳು. ಇಪ್ಪತ್ತೊಂದನೆಯ ಕಿಲೋಮೀಟರಿನ ಕಲ್ಲಿನ ಬಳಿ, ಪಂಪ್‌ಹೌಸಿನವರ ಮನೆಗೆ ಕೊನೆಯ ಕಾಗದ ಕೊಟ್ಟು ಚೀಲ ಖಾಲಿಯಾದ ಕೂಡಲೇ ತಿರುಗಿ ಬರಬೇಕೆಂಬುದು ಅವಳ ಕೆಲಸದ ನಿಯಮವಾಗಿದ್ದರಿಂದ, ಕಾಲುವೆ ಮುಂದೆ ಎಲ್ಲಿಗೆ ಹೋಗಿ ನಿಲ್ಲುತ್ತದೆಂಬುದನ್ನು ಅವಳು ಒಂದು ದಿನವೂ ನೋಡಲಿಲ್ಲ. ನಿವೃತ್ತಿಯಾದ ಮೇಲೆ ನೋಡೋಣ ಎಂದುಕೊಂಡಿದ್ದವಳಿಗೆ ಅಷ್ಟರಲ್ಲಿ ಕಣ್ಣು ಕೈಕೊಟ್ಟಿತು. ಈಗ ಅವಳಿಗೆ ಕಾಣುವುದು ಢಾಳಾದ ಬಣ್ಣಗಳು ಮಾತ್ರ. ಇನ್ನು ಕೆಲವು ತಿಂಗಳಲ್ಲಿ ಅವೂ ಮಸುಕಾಗುತ್ತವೆ, ಸೈಕಲನ್ನು ಅಟ್ಟಕ್ಕೇರಿಸಿ ಎಂದು ಕಣ್ಣಿನ ವೈದ್ಯರು ಹೇಳಿದ ದಿನ ಅವಳು ಅಳಲಿಲ್ಲ. ನೇರವಾಗಿ ನನ್ನ ಅಂಗಡಿಗೆ ಬಂದು, ದಂಡೆಯ ಮೇಲೆ ಗಾಡಿಗಳ ಕಾಟವಿಲ್ಲ, ನೀನು ಮುಂದೆ ಹೋಗು, ನಾನು ನಿನ್ನನ್ನೇ ನೋಡಿಕೊಂಡು ಹಿಂದೆ ಬರುತ್ತೇನೆ ಎಂದಳು. ಚಿಕ್ಕವನಿದ್ದಾಗ ಅವಳ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ಆರು ವರ್ಷ ಶಾಲೆಗೆ ಹೋದವನಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಹೋಗಿಬರಲು ಅರವತ್ತೆಂಟು ಕಿಲೋಮೀಟರು. ನಾನು ಸೈಕಲ್ ಹತ್ತಿ ಇಪ್ಪತ್ತು ವರ್ಷವಾಗಿತ್ತು.

ಅಭ್ಯಾಸದ ಮೊದಲ ವಾರವೇ ಸದರಿ ಭಾಗ ಅಸಹಕಾರ ಹೂಡಿದ್ದರಿಂದ ಮೆತ್ತೆ ಚಡ್ಡಿಯ ಬೇಟೆ ಶುರುವಾಯಿತು. ಅಂಗಡಿಯವನು ತೋರಿಸಿದ ಮೊದಲನೆಯದರ ಬೆಲೆ ಕೇಳಿ, ಇದರ ಜೊತೆ ಸೈಕಲ್ಲೂ ಬರುತ್ತದೆಯೇ ಎಂದು ವಿಚಾರಿಸಿದೆ. ಎರಡನೆಯದು ಅಗ್ಗವಾಗಿತ್ತು, ಆದರೆ ಅದರ ಮೆತ್ತೆಯನ್ನು ಹುಡುಕಲು ಕನ್ನಡಕ ಬೇಕಾಯಿತು. ಮೂರನೆಯದು ತಮ್ಮದು. ಸೊಂಟಕ್ಕೆ ಒಗ್ಗುವ ಅಳತೆ ತೊಡೆಗೆ ಒಗ್ಗದೆ, ತೊಡೆಗೆ ಒಗ್ಗುವುದು ಸೊಂಟದಲ್ಲಿ ನಿಲ್ಲದೆ, ಕೊನೆಗೆ ಉಸಿರು ಬಿಗಿಹಿಡಿದು ಕೊಂಡುತಂದೆ. ಜೊತೆಗೆ ಬಂದ ಕೈಪಿಡಿಯಲ್ಲಿ ಚಡ್ಡಿಯನ್ನು ಒಗೆಯುವ ವಿಧಾನ ಒಂಬತ್ತು ಭಾಷೆಗಳಲ್ಲಿತ್ತು, ಕೂರುವ ವಿಧಾನ ಒಂದರಲ್ಲೂ ಇರಲಿಲ್ಲ. ಎಂಟನೆಯ ಕಿಲೋಮೀಟರಿಗೆ ತಮ್ಮ ಮೆತ್ತೆ ವಿನಯದಿಂದ ಒಂದು ಬದಿಗೆ ಸರಿದು ನಿಂತಿತು. ಹಿರಿಯರಿಗೆ ದಾರಿ ಬಿಡುವ ಅಂಥ ಸಂಸ್ಕಾರವನ್ನು ಸ್ಪಂಜಿಗೂ ಕಲಿಸಿದ ತಮ್ಮ ಕಂಪನಿಯನ್ನು ಎಷ್ಟು ಹೊಗಳಿದರೂ ಸಾಲದು.

ಆಗ ನನ್ನೊಳಗಿನ ಕಸುಬುದಾರ ಎದ್ದುಕೂತ, ತಪ್ಪಾಗಿದ್ದು ಅಲ್ಲಿಯೇ. ಚಡ್ಡಿಯ ಹೊಲಿಗೆ ಬಿಚ್ಚಿ, ನ್ಯಾಯಾಧೀಶರ ಕುರ್ಚಿಗೆಂದು ತರಿಸಿದ್ದ ಎರಡಿಂಚು ಫೋಮ್ ಇಟ್ಟು, ಮೇಲೊಂದು ಪದರ ಹತ್ತಿ ಹಾಸಿದೆ. ಮೆತ್ತೆ ಸರಿಯಬಾರದೆಂದರೆ ಗುಂಡಿ ಹಾಕಿ ಜಗ್ಗಿ ಹೊಲಿಯಬೇಕೆಂಬುದು ಗುರುಗಳು ಕಲಿಸಿದ ಮೊದಲ ಪಾಠ. ಅದರಂತೆ, ಬಟ್ಟೆ ಸುತ್ತಿದ ಐದು ಹಿತ್ತಾಳೆ ಗುಂಡಿಗಳನ್ನು, ನಡುವೆ ಒಂದು ಸುತ್ತ ನಾಲ್ಕು, ಸದರಿ ಭಾಗಕ್ಕೆ ನೇರವಾಗಿ ಹೊಲಿದೆ. ನೋಡಲು ಅಷ್ಟು ಸೊಗಸಾದ ಚಡ್ಡಿಯನ್ನು ನಾನು ಕಂಡಿಲ್ಲ. ಮೂರನೆಯ ಕಿಲೋಮೀಟರಿನೊಳಗೆ ಐದೂ ಗುಂಡಿಗಳು ತಮ್ಮ ತಮ್ಮ ಜಾಗ ಹುಡುಕಿಕೊಂಡವು. ಆಮೇಲೆ ನಾಲ್ಕು ದಿನ ನಾನು ನಿಂತೇ ಕೆಲಸ ಮಾಡಿದೆ; ಬಂದ ಗಿರಾಕಿಗಳು ತಮಗೆ ಮರ್ಯಾದೆ ಕೊಡುತ್ತಿದ್ದೇನೆಂದು ಭಾವಿಸಿ ಚೌಕಾಸಿಯನ್ನೇ ಮಾಡಲಿಲ್ಲ.

ಅಕ್ಕ ಆ ಚಡ್ಡಿಯನ್ನು ಕೈಯಲ್ಲಿ ಹಿಡಿದು ಗುಂಡಿಗಳನ್ನು ಒಂದೊಂದಾಗಿ ತಡವಿ ನೋಡಿದಳು. "ಕುರ್ಚಿಗೆ ಹೊಲಿದ ಹಾಗೆ ಹೊಲಿದಿದ್ದೀಯಲ್ಲೋ," ಎಂದಳು. "ಕುರ್ಚಿ ಎಲ್ಲಿಗೂ ಹೋಗಲ್ಲ. ನಾವು ಹೋಗ್ಬೇಕು."

ಇಪ್ಪತ್ತೆಂಟು ವರ್ಷದ ಕಸುಬಿನಲ್ಲಿ ಯಾರೂ ಹೇಳದ ಮಾತನ್ನು ಅವಳು ಹೇಳಿದ್ದಳು. ಎಲ್ಲ ಕಿತ್ತು, ಮೂಳೆ ಊರುವ ಎರಡೇ ಕಡೆ ಅರ್ಧ ಇಂಚಿನ ಬಿಗಿಯಾದ ಉಣ್ಣೆಯ ಮೆತ್ತೆ ಇಟ್ಟು ಮತ್ತೆ ಹೊಲಿದೆ. ಅಷ್ಟಾದರೂ ಇನ್ನೊಂದು ತೊಡಕು ಉಳಿದಿತ್ತು. ತಮ್ಮ ಚಡ್ಡಿ ಕಪ್ಪು. ತಮ್ಮದೇನು, ಲೋಕದ ಚಡ್ಡಿಗಳೆಲ್ಲ ಕಪ್ಪು. ಕಪ್ಪು ಅಕ್ಕನ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಹಲ್ಲಿನ ವೈದ್ಯರ ಕುರ್ಚಿಗಳಿಗೆ ಹಾಕಿ ಉಳಿದಿದ್ದ ಕಿತ್ತಳೆ ಬಣ್ಣದ ರೆಕ್ಸಿನ್ನಿನಲ್ಲಿ ತಟ್ಟೆಯಗಲದ ಒಂದು ತುಂಡನ್ನು ಹಿಂಭಾಗದ ಮೇಲ್ಗಡೆ ಹೊಲಿದೆ. ಮಾನ ಮುಚ್ಚಲೆಂದು ಬಟ್ಟೆ ತೊಡುವ ಲೋಕದಲ್ಲಿ ದಾರಿ ತೋರಿಸಲೆಂದು ತೊಟ್ಟವನು ಬಹುಶಃ ನಾನೊಬ್ಬನೇ.

ನಿನ್ನೆ ಹೋದೆವು. ದಾರಿಯಲ್ಲಿ ಹಳ್ಳ ಬಂದರೆ ಹಳ್ಳ, ತಿರುವು ಬಂದರೆ ತಿರುವು ಎಂದು ನಾನು ಕೂಗುತ್ತ ಮುಂದೆ, ಕಿತ್ತಳೆಯ ಮೇಲೆ ಕಣ್ಣು ನೆಟ್ಟು ಅವಳು ಹಿಂದೆ. ಇಪ್ಪತ್ತೊಂದನೆಯ ಕಲ್ಲು ದಾಟುವಾಗ ಅವಳು ಒಮ್ಮೆ ಗಂಟೆ ಬಾರಿಸಿದಳು. ಮೂವತ್ತನಾಲ್ಕನೆಯ ಕಿಲೋಮೀಟರಿನಲ್ಲಿ ಕಾಲುವೆ ಮುಗಿಯಿತು. ಅಲ್ಲಿ ತುಕ್ಕು ಹಿಡಿದ ಒಂದು ತೂಬಿನ ಬಾಗಿಲು, ಒಂದು ಸಿಮೆಂಟಿನ ಕಟ್ಟೆ, ಮೂರು ಬಾತುಕೋಳಿಗಳ ಹೊರತು ಇನ್ನೇನೂ ಇರಲಿಲ್ಲ. ಒಂದಿಷ್ಟು ಬಣ್ಣ ಹಚ್ಚಿ ಹೇಳೋಣವೆಂದು ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ, ಸುಳ್ಳು ಬೇಡ, ಇದ್ದಿದ್ದನ್ನು ಹೇಳು ಎಂದಳು. ಹೇಳಿದೆ. ಅವಳು ನಡೆದು ಹೋಗಿ ತುಕ್ಕಿನ ಬಾಗಿಲ ಮೇಲೆ ಅಂಗೈ ಇಟ್ಟಳು.

"ಸರಿ ಬಿಡು," ಎಂದಳು, "ಕೊನೇ ಟಪಾಲೂ ತಲುಪಿತು."

ನನಗೆ ಅಳು ಬಂತು. ಅದರಲ್ಲಿ ಅರ್ಧ ಸದರಿ ಭಾಗದ್ದೆಂದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತೇನೆ, ಏಕೆಂದರೆ ನಾನು ಮುಟ್ಟದೆ ಬಿಟ್ಟಿದ್ದ ತಮ್ಮ ಕಂಪನಿಯ ನಡುಹೊಲಿಗೆ ಅಷ್ಟು ಹೊತ್ತಿಗೆ ತನ್ನ ಕೆಲಸವನ್ನು ಮುಗಿಸಿತ್ತು.

ಇಂದು ಬೆಳಿಗ್ಗೆ ಅಕ್ಕನ ಸೈಕಲ್ ಅಟ್ಟ ಸೇರಿತು. ಇನ್ನು ಮೇಲೆ ಪ್ರತಿ ಭಾನುವಾರ ನಾನು ತುಳಿಯುವುದು, ಅವಳು ನನ್ನ ಹಿಂದೆ ಕ್ಯಾರಿಯರ್ ಮೇಲೆ ಕೂರುವುದು ಎಂದು ತೀರ್ಮಾನವಾಗಿದೆ. ಕ್ಯಾರಿಯರ್ ಎಂದರೆ ಕುರ್ಚಿಯೇ ಆದ್ದರಿಂದ ಅದರ ಮೆತ್ತೆಯ ಚಿಂತೆ ತಮಗೆ ಬೇಡ. ನನ್ನ ಚಡ್ಡಿಯ ಬಗ್ಗೆ ಮಾತ್ರ ಕೆಲವು ಸಣ್ಣ ಬೇಡಿಕೆಗಳಿವೆ. ಐವತ್ತು ದಾಟಿದ ದೇಹದ ಅಳತೆ ತೆಗೆಯುವಾಗ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ತಮ್ಮ ಚಡ್ಡಿ ತೊಟ್ಟು ನಿಲ್ಲುವ ಗೊಂಬೆಯನ್ನು ಬಿಟ್ಟು ಯಾರಾದರೂ ಮನುಷ್ಯರನ್ನು ಕರೆಸಬೇಕು. ನಡುಹೊಲಿಗೆಯನ್ನು ನಡುವಿನಿಂದ ತೆಗೆಯಬೇಕು. ಅಕ್ಕಂದಿರ ಕಣ್ಣಿಗೆ ಕಾಣುವ ಬಣ್ಣವೊಂದನ್ನು ಮಾರುಕಟ್ಟೆಗೆ ಬಿಡಬೇಕು. ಇದ್ಯಾವುದೂ ಆಗದಿದ್ದರೆ, ತಾವು ತಮ್ಮದೇ ಚಡ್ಡಿ ತೊಟ್ಟು ಕಾಲುವೆಯ ಕೊನೆಯವರೆಗೆ ಒಮ್ಮೆ ಬಂದುಹೋಗಬೇಕು. ಅಲ್ಲಿನ ಸಿಮೆಂಟಿನ ಕಟ್ಟೆ ತಮಗೆ ಸುಪ್ಪತ್ತಿಗೆಯಾಗಿ ಕಾಣುವುದೆಂದು ಅನುಭವದಿಂದ ಹೇಳುತ್ತೇನೆ.

ತಮ್ಮ ವಿಶ್ವಾಸಿ,
ಇನ್ನೂ ನಿಂತೇ ಇರುವ ಮೆತ್ತೆಗಾರ

ತಾ.ಕ.: ತಮ್ಮ ಕಚೇರಿಯ ಕುರ್ಚಿಗೆ ಹೊಸ ಮೆತ್ತೆ ಬೇಕಿದ್ದರೆ ದಯವಿಟ್ಟು ತಿಳಿಸಿ, ಮಜೂರಿ ಬೇಡ, ನಾನೇ ಬಂದು ಹೊಲಿದು ಕೊಡುತ್ತೇನೆ. ಆ ಐದು ಗುಂಡಿಗಳನ್ನು ಜೋಪಾನವಾಗಿ ಎತ್ತಿಟ್ಟಿದ್ದೇನೆ.