ಲೋಕಲಿನಲ್ಲಿ ಸ್ಪ್ಯಾನಿಶ್ ಭಜನೆ

ಮುಂಬಯಿ ಬಳಿಯ ಡೊಂಬಿವಲಿಯ ಈಶ್ವರ ಮದುವೆಯಾದಂದಿನಿಂದ ರಾತ್ರಿ ಪಾಳಿಯಲ್ಲೇ ಇದ್ದ. ವಿಕ್ರೋಳಿಯ ಕಾಲ್ ಸೆಂಟರಿನಲ್ಲಿ ಅಮೆರಿಕದವರ ಬೈಗುಳ ಕೇಳುವ ಕೆಲಸ. ಹೆಂಡತಿ ದಾನೇಶ್ವರಿ ಕೆಲಸಕ್ಕೆ ಹೊರಡುವಾಗ ಇವನು ಮನೆಗೆ ಬರುತ್ತಿದ್ದ. ಸಂಸಾರವೆಲ್ಲ ಹೊಸ್ತಿಲ ಮೇಲೇ ನಡೆಯುತ್ತಿತ್ತು. ಆಫೀಸಿನಲ್ಲಿ ಸ್ಪ್ಯಾನಿಶ್ ಡೆಸ್ಕ್ ಶುರುವಾಗುತ್ತದೆಂದು ಕೇಳಿದ್ದೇ, ಸ್ಪೇನಿನಲ್ಲಿ ಬೆಳಗಾದರೆ ನಮಗೆ ಮಧ್ಯಾಹ್ನ ಎಂದು ಲೆಕ್ಕ ಹಾಕಿ, ಹಟ ಹಿಡಿದು ಆ ಭಾಷೆ ಕಲಿತ. ಇಂದು ಆಫೀಸಿನಲ್ಲೇ ಅದರ ಪರೀಕ್ಷೆ.

‘ಹಾಗಾಗಿದ್ದರೆ ಬದುಕುತ್ತಿದ್ದೆ’ ಎನ್ನುವ ಕ್ರಿಯಾಪದದ ರೂಪಗಳನ್ನು ಬಿಟ್ಟು ಎಲ್ಲ ಬಂದಿತ್ತು. ರಾತ್ರಿ ಪಾಳಿಗೆ ರಜೆ ಹಾಕಿ ಪರೀಕ್ಷೆಗೆ ಹೊರಟವನು ಬೆಳಗಿನ ಲೋಕಲ್ ರೈಲಿನಲ್ಲಿ ಕಣ್ಣು ಮುಚ್ಚಿ ಗೊಣಗಿದ: “ವಿವಿರಿಯಾ, ವಿವಿರಿಯಾಸ್, ವಿವಿರಿಯಾ, ವಿವಿರಿಯಾಮೋಸ್...” ಮುಂದಿನದು ಮರೆತು ಮತ್ತೆ ಮೊದಲಿನಿಂದ ಶುರುಮಾಡಿದ.

ದಿನವೂ ಅದೇ ಡಬ್ಬಿಯಲ್ಲಿ ಭಜನೆ ನಡೆಸುವ ಬಸವಂತರಾಯರ ಕಿವಿ ನೆಟ್ಟಗಾಯಿತು.

“ಇದ್ಯಾವ ದೇವರದ್ದೋ ತಮ್ಮಾ?”

“ದೇವರದ್ದಲ್ರೀ ಕಾಕಾ, ಪರೀಕ್ಷಾದ್ದು. ಐದನೇದು ನೆನಪಾಗವಲ್ದು.”

“ತಾಳ ಇಲ್ದ ಹ್ಯಾಂಗ ನೆನಪಾದೀತು? ಪುಸ್ತಕ ನೋಡಿ ಹೇಳು, ನಾವು ಹಿಡೀತೀವಿ.”

“ವಿವಿರಿಯಾಯ್ಸ್, ವಿವಿರಿಯಾನ್” ಎಂದನೋ ಇಲ್ಲವೋ, ತಾಳಗಳು ಝಣಝಣಿಸಿದವು. ಥಾಣೆ ಸ್ಟೇಶನ್ ಬರುವಷ್ಟರಲ್ಲಿ ಅರ್ಥ ಗೊತ್ತಿಲ್ಲದ ಮರಾಠಿ ಕಾಕಾಗಳೂ ಗುಜರಾತಿ ವ್ಯಾಪಾರಿಗಳೂ ಭಕ್ತಿಯಿಂದ ತಲೆದೂಗಿ ಹಾಡುತ್ತಿದ್ದರು. ವಿಕ್ರೋಳಿಯಲ್ಲಿ ಈಶ್ವರ ಎದ್ದರೆ ಬಸವಂತರಾಯರು ಅಂಗಿ ಜಗ್ಗಿದರು. “ನಡುವ ಭಜನಿ ಬಿಡಬಾರ್ದು, ಕುಂದ್ರು!”

ಗುಂಡಿ ಕಿತ್ತ ಅಂಗಿಯಲ್ಲಿ ಮುಂದೆ ಕುರ್ಲಾದಲ್ಲಿಳಿದು, ಇನ್ನೊಂದು ಗಾಡಿ ಹಿಡಿದು ಹಿಂದಕ್ಕೆ ಬಂದಾಗ ಪರೀಕ್ಷೆ ಮುಗಿಯುತ್ತ ಬಂದಿತ್ತು. ಮೇಲಧಿಕಾರಿ ಹರಿಣಿ, ಮುಂಬಯಿಯಲ್ಲೇ ಬೆಳೆದ ಉಡುಪಿಯ ಹುಡುಗಿ, ಗಡಿಯಾರ ತೋರಿಸಿದಳು. “ಲೇಟ್! ‘ಬದುಕುತ್ತಿದ್ದೆ’ಯ ಆರೂ ರೂಪ ಜಲ್ದಿ ಹೇಳಿ.”

ಬಾಯಿ ತೆರೆದ. ಒಂದಕ್ಷರ ಹೊರಡಲಿಲ್ಲ. ಕೈತಟ್ಟಿ ಹಾಡಿದರೆ ಮಾತ್ರ ಬಂತು. ಇಡೀ ಆಫೀಸು ನಕ್ಕಿತು.

“ಅರೇ, ಇದು ಆಫೀಸಾ, ಲೋಕಲ್ಲಾ? ಸೀದಾ ಹೇಳಿ!”

ಈಶ್ವರನಿಗೆ ರೇಗಿತು. “ಹೇಳಂಗಿಲ್ರೀ ಮೇಡಂ! ನಗೋರು ನಗಲಿ. ತಪ್ಪಿದ್ರ ತೋರಿಸ್ರಿ!” ಎಂದವನೇ ಇನ್ನೂ ಎತ್ತರದ ದನಿಯಲ್ಲಿ, ಆರೂ ರೂಪಗಳನ್ನು ಮತ್ತೊಮ್ಮೆ ಹಾಡಿ ಮುಗಿಸಿದ.

ತಪ್ಪಿರಲಿಲ್ಲ. “ಓಕೆ, ಪಾಸ್,” ಎಂದಳು ಹರಿಣಿ. “ಸೋಮವಾರದಿಂದ ಸ್ಪ್ಯಾನಿಶ್ ಡೆಸ್ಕ್. ನೈಟ್ ಶಿಫ್ಟ್.”

“ನೈಟ್? ಸ್ಪೇನಿನವರು...”

“ಸ್ಪೇನ್ ಎಲ್ಲಿ ಬಂತು? ಕಸ್ಟಮರ್ಸ್ ಸಬ್ ಮೆಕ್ಸಿಕೋದವರು. ಅವರಿಗೆ ಹಗಲಾದ್ರೆ ನಮಗೆ ರಾತ್ರಿ.”

ಈಶ್ವರ ಸೋಲೊಪ್ಪುವವನಲ್ಲ. ಮೇಜು ಗುದ್ದಿದ. “ಹಂಗಾದ್ರ ನಾವು ಎಚ್ಚರಿರೋ ಹೊತ್ತಿನ್ಯಾಗ ಎಚ್ಚರಿರೋ ಮಂದಿ ಯಾವ ಭಾಷಾ ಮಾತಾಡ್ತಾರ ಹೇಳ್ರಿ. ಅದನ್ನೂ ಕಲೀತೀನಿ!”

“ಕನ್ನಡ,” ಎಂದಳು ಹರಿಣಿ. “ಆ ಡೆಸ್ಕ್ ಹಗಲೇ. ಯಾರೂ ಕೇಳಲಿಲ್ಲ ಅಂತ ನಿನ್ನೆ ನಮ್ಮ ಗುಜರಾತಿ ಹಿತೇಶನನ್ನು ಹಾಕಿದೆ. ಅವನಿಗೆ ಥೋಡಾ ಥೋಡಾ ಬರ್ತದೆ.”