ಎಡಗೋಪುರದ ನಾಲ್ಕು ಗಂಟೆ

ಎಲ್ಲ ಎಡವಟ್ಟು ಶುರುವಾದದ್ದು ಒಂದು ತುಂಡು ರೊಟ್ಟಿಯಿಂದ. ಟೊಮೆಟೊ ಸವರಿ ಆಲಿವ್ ಎಣ್ಣೆ ಸುರಿದ ರೊಟ್ಟಿಯನ್ನು ಬಾಯಲ್ಲಿ ಕಚ್ಚಿಕೊಂಡೇ ವಿಸ್ತಿನ್ ಅಂದು ಬೆಳಿಗ್ಗೆ ಇಗರ್ಜಿಯ ಬಲಗೋಪುರ ಹತ್ತಿ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದ. ಅದೇ ಹೊತ್ತಿಗೆ ಸೀನು ಬಂತು. ರೊಟ್ಟಿ ಹಾರಿ ಹಲ್ಲುಚಕ್ರದೊಳಗೆ ಬಿತ್ತು. ಕರಕ್ಕೆಂದು ಒಂದು ಹಲ್ಲು ಮುರಿದು, ಮುಳ್ಳುಗಳು ಹತ್ತೂ ಇಪ್ಪತ್ತಕ್ಕೆ ನಿಂತೇಬಿಟ್ಟವು. ವಿಸ್ತಿನ್‌ನ ಎದೆಯೂ ಒಂದು ಕ್ಷಣ ನಿಂತಿತು.

ಬೇರೆ ದಿನವಾಗಿದ್ದರೆ ಹೇಗೋ ಸಂಭಾಳಿಸಬಹುದಿತ್ತು. ಆದರೆ ಅಂದು ಮಧ್ಯಾಹ್ನವೇ ರಾಜಧಾನಿ ವಲೆಟ್ಟಾದಿಂದ ಸ್ಮಾರಕ ಸಮಿತಿಯ ಬಲ್ದಾಕ್ಕೀನೊ ಎಂಬಾಕೆ ತನಿಖೆಗೆ ಬರುವವರಿದ್ದರು. ಗಡಿಯಾರ ನಡೆಯುತ್ತಿದ್ದರೆ ಅವನ ಕೆಲಸ ಉಳಿಯುತ್ತದೆ. ನಿಂತಿದ್ದರೆ ಅಲ್ಲಿ ಕರೆಂಟಿನ ಯಂತ್ರ ಕೂರುತ್ತದೆ, ಅಜ್ಜನ ಕಾಲದಿಂದ ಸೊಂಟದಲ್ಲಿ ತೂಗಿಕೊಂಡು ಬಂದ ಗೋಪುರದ ಬೀಗದಕೈ ಕೈಬಿಟ್ಟು ಹೋಗುತ್ತದೆ.

ಮಾಲ್ಟಾದ ಎಷ್ಟೋ ಇಗರ್ಜಿಗಳಂತೆ ಇವರ ಊರಿನದಕ್ಕೂ ಎರಡು ಗೋಪುರ, ಎರಡು ಗಡಿಯಾರ. ಬಲಗಡೆಯದು ನಿಜವಾದದ್ದು. ಎಡಗಡೆಯದು ಬರೀ ಬಣ್ಣ. ಪೂಜೆಯ ಹೊತ್ತು ದೆವ್ವಕ್ಕೆ ತಿಳಿಯದಿರಲಿ ಎಂದು ಹಿಂದಿನವರು ಬರೆಸಿದ್ದು. ಅದರಲ್ಲಿ ಯಾವಾಗಲೂ ನಾಲ್ಕು ಗಂಟೆ. ಎಷ್ಟು ನೈಜವಾಗಿತ್ತೆಂದರೆ, ಪಾರಿವಾಳಗಳು ಅದರ ಮುಳ್ಳಿನ ಮೇಲೆ ಕೂರಲು ಹೋಗಿ ಪ್ರತಿದಿನ ಪೆಚ್ಚಾಗುತ್ತಿದ್ದವು.

ಸುದ್ದಿ ಕೇಳಿ ಕ್ಷೌರದಂಗಡಿಯ ನೆನು ಗಿರಾಕಿಯ ಒಂದು ಕೆನ್ನೆಯನ್ನು ನೊರೆಯಲ್ಲೇ ಬಿಟ್ಟು ಓಡಿಬಂದ. ಊರಿನ ಯಾರ ಉಸಾಬರಿಯನ್ನೂ ಬಿಟ್ಟವನಲ್ಲ ಅವನು.

"ಅಳಬೇಡ ಮಾರಾಯ. ಆಯಮ್ಮ ಪಟ್ಟಣದವಳು, ನಮ್ಮೂರಲ್ಲಿ ಯಾವುದು ನಿಜ ಯಾವುದು ಬಣ್ಣ ಅಂತ ಅವಳಿಗೇನು ಗೊತ್ತು? ಸರಿಯಾಗಿ ನಾಲ್ಕಕ್ಕೆ ಎಡಗಡೇದು ತೋರಿಸು. ಬಲಗಡೇದು ದೆವ್ವದ್ದು ಅಂದ್ಬಿಡು. ಗಂಟೆ ಹೊಡೆಯೋಕೆ ಬಲಗೋಪುರದ ಮೇಲೆ ನಾನಿರ್ತೀನಿ."

ಬಲ್ದಾಕ್ಕೀನೊ ಮೂರೂವರೆಗೇ ಬಂದಿಳಿದರು. ವಿಸ್ತಿನ್‌ನ ಅಕ್ಕ ಸ್ತೆಲ್ಲಾ ಅವರನ್ನು ಇಗರ್ಜಿಗೆ ಬೆನ್ನು ಮಾಡಿಸಿ ಅಂಗಳದಲ್ಲಿ ಕೂರಿಸಿ, ಗಿಣ್ಣು ತುಂಬಿದ ಬಿಸಿ ಪಸ್ತಿತ್ಸಿ ಕಡುಬುಗಳನ್ನು ಒಂದರ ಮೇಲೊಂದು ಬಡಿಸಿದಳು. ಆಕೆ ಕತ್ತು ತಿರುಗಿಸಹೋದಾಗಲೆಲ್ಲ ತಟ್ಟೆಗೆ ಇನ್ನೊಂದು ಬೀಳುತ್ತಿತ್ತು. ಆರನೆಯದಕ್ಕೆ ಆಕೆ ಕೈಮುಗಿದರು. ಅಷ್ಟರಲ್ಲಿ ಢಣ್ ಎಂದಿತು ಗಂಟೆ. ಸರಿಯಾಗಿ ನಾಲ್ಕು ಏಟು.

ಆಕೆ ತಿರುಗಿ ಎಡಗೋಪುರ ನೋಡಿದರು, ಕೈಗಡಿಯಾರ ನೋಡಿದರು, ತಲೆದೂಗಿದರು. ಬಲಗಡೆಯದು ದೆವ್ವವನ್ನು ಯಾಮಾರಿಸಲು ಇಟ್ಟದ್ದು ಎಂದು ವಿಸ್ತಿನ್ ಹೇಳಿದ. ಆಮೇಲೆ ಹುಬ್ಬು ಗಂಟಿಕ್ಕಿ, ಗಡಿಯಾರ ಎಡಗಡೆ ಇದ್ದರೆ ಗಂಟೆ ಬಲಗಡೆಯಿಂದ ಕೇಳಿಸಿತಲ್ಲ ಎಂದರು.

"ಅದೂ ದೆವ್ವಕ್ಕೇ ಅಮ್ಮಾವ್ರೆ," ಎಂದ ವಿಸ್ತಿನ್, ಬೆವರು ಒರೆಸಿಕೊಳ್ಳುತ್ತ.

ಒಂದು ನಿಮಿಷ ಕಳೆಯುವುದರೊಳಗೆ ಅವರನ್ನು ಅಲ್ಲಿಂದ ಸಾಗಹಾಕಬೇಕೆಂದು ಅವನು ಕಾರಿನ ಕಡೆ ಕೈ ತೋರಿಸಿದ. ಆಕೆ ಚೀಲದಿಂದ ಒಂದು ಕಾಗದ ತೆಗೆದರು. ವಿಸ್ತಿನ್‌ನನ್ನು ಆಜೀವ ಗಡಿಯಾರಪಾಲಕನನ್ನಾಗಿ ನೇಮಿಸಿದ ಆದೇಶ. ಅವನಿಗೆ ಕಣ್ಣೀರೇ ಬಂತು.

"ನಿಮ್ಮ ಗಡಿಯಾರ ಹಳೇದು, ಕೆಟ್ಟಿರುತ್ತೆ ಅಂದ್ಕೊಂಡಿದ್ದೆ," ಎಂದರು ಬಲ್ದಾಕ್ಕೀನೊ. "ಅದಕ್ಕೇ ಬಿಡಿಭಾಗ ಸಮೇತ ರಿಪೇರಿಯವನನ್ನೂ ಕರ್ಕೊಂಡು ಬಂದಿದ್ದೆ, ಕಾರಲ್ಲಿ ನಿದ್ದೆ ಹೊಡೀತಿದ್ದಾನೆ. ಅರ್ಧ ಗಂಟೆ ಕೆಲಸ. ಈಗ ಬೇಕಾಗ್ಲಿಲ್ಲ ನೋಡಿ."

ವಿಸ್ತಿನ್‌ಗೆ ಸಿಡಿಲು ಬಡಿದಂತಾಯಿತು. ಅಷ್ಟರಲ್ಲಿ ಆಕೆ ಅವನ ಸೊಂಟದ ಬೀಗದಕೈ ಕೇಳಿ ತೆಗೆದುಕೊಂಡು ಬಲಗೋಪುರದ ಬಾಗಿಲಿಗೆ ನಡೆದಿದ್ದರು. ದೆವ್ವದ ಗಡಿಯಾರಗಳನ್ನು ಯಾರೂ ಮುಟ್ಟದಂತೆ ಕಾಪಾಡಬೇಕೆಂಬುದು ಸಮಿತಿಯ ಹೊಸ ನಿಯಮವಂತೆ. ಬೀಗ ಬೇಡ, ಒಳಗೆ ಗಾಳಿ ಆಡಬೇಕು, ಪಾರಿವಾಳ ಮರಿ ಮಾಡಿದೆ ಎಂದೆಲ್ಲ ಅವನು ಹಿಂದೆಯೇ ತೊದಲುತ್ತ ಹೋದ. ಆಕೆ ಬೀಗ ಜಡಿದು, ಅದರ ಮೇಲೆ ಸೀಸದ ಮೊಹರು ಒತ್ತಿ, ಅಜ್ಜನ ಬೀಗದಕೈಯನ್ನು ಚೀಲಕ್ಕೆ ಹಾಕಿಕೊಂಡರು. ಮೊಹರು ಒಡೆದರೆ ಜೈಲು ಎಂದೂ ತಿಳಿಸಿದರು.

ಕೆಳಗೆ ಬೀಗದ ಸದ್ದು ಕೇಳಿ ನೆನುವಿಗೆ ಜೀವ ಬಾಯಿಗೆ ಬಂದಿರಬೇಕು. ಗಂಟೆ ಹುಚ್ಚು ಹಿಡಿದಂತೆ ಢಣಢಣ ಹೊಡೆದುಕೊಳ್ಳತೊಡಗಿತು. ಬಲ್ದಾಕ್ಕೀನೊ ಬೆಚ್ಚಿಬಿದ್ದು ಶಿಲುಬೆಯ ಗುರುತು ಮಾಡಿಕೊಂಡರು.

"ಒಳಗೆ ಯಾರ್ರೀ ಅದು?"

ಬೀದಿಗೆ ಬೀದಿಯೇ ವಿಸ್ತಿನ್‌ನ ಮುಖ ನೋಡುತ್ತಿತ್ತು. ಕೆನ್ನೆಯ ನೊರೆ ಒಣಗಿಸಿಕೊಂಡ ಗಿರಾಕಿಯೂ ಬಂದು ನಿಂತಿದ್ದ.

"ದೆವ್ವ ಅಮ್ಮಾವ್ರೆ," ಎಂದ ವಿಸ್ತಿನ್, ಅಳುವ ದನಿಯಲ್ಲಿ. "ತಾನು ಮೋಸ ಹೋದದ್ದು ಅದಕ್ಕೆ ಈಗ ಗೊತ್ತಾಗಿರಬೇಕು."

ಆಕೆ ಮತ್ತೆ ಗೋಪುರದ ಕಡೆ ನೋಡದೆ ಕಾರು ಹತ್ತಿದರು. ರಿಪೇರಿಯವನು ಒಮ್ಮೆ ಆಕಳಿಸಿ ಮಗ್ಗುಲು ಬದಲಿಸಿದ. ಕಾರು ಹೊರಟ ಮೇಲೆ ಆಕೆ ಏನೋ ನೆನಪಾದವರಂತೆ ಕಿಟಕಿಯಿಂದ ತಲೆ ಹೊರಹಾಕಿದರು.

"ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಸಮಿತಿಯವರೆಲ್ಲ ನಿಮ್ಮ ಗಡಿಯಾರ ನೋಡೋಕೆ ಬರ್ತಾರೆ. ಚೆನ್ನಾಗಿ ಕೀಲಿ ಕೊಟ್ಟಿರಿ."

ವಿಸ್ತಿನ್ ಕತ್ತೆತ್ತಿ ಎಡಗೋಪುರ ನೋಡಿದ. ಅಲ್ಲಿ ನಾಲ್ಕು ಗಂಟೆಯಾಗಿತ್ತು.