ಹವಾಲ್ದಾರನಿಗಾಗಿ ನಾನು ಕುರಿಯಾದದ್ದು

ಕಾಯಿಲೆಯಿಂದ ಎದ್ದ ನಾಯಿಯನ್ನು ನೋಡಿಕೊಳ್ಳುವುದು ಏನು ಮಹಾ ವಿದ್ಯೆ! ನಿವೃತ್ತಿಯಾಗುವವರೆಗೂ ಹೈಸ್ಕೂಲು ಹುಡುಗರಿಗೆ ಬೀಜಗಣಿತ ಕಲಿಸಿದವನಿಗೆ ಒಂದು ನಾಯಿ ಯಾವ ಲೆಕ್ಕ?

ಹೀಗಾಗಿ ಸುಳ್ಳ ಎಂಬ ಹಳ್ಳಿಯಲ್ಲಿ ಕುರಿ ಸಾಕಿರುವ ನನ್ನ ಹೆಂಡತಿಯ ತಮ್ಮ ಬಸವರಾಜ ಫೋನು ಮಾಡಿ, "ಮಾಮಾ, ಹವಾಲ್ದಾರ ಏಳವಲ್ಲರಿ" ಎಂದಾಗ ನಾನು ಹಿಂದುಮುಂದು ನೋಡದೆ, "ನಮ್ಮ ಬೈರಿದೇವರಕೊಪ್ಪಕ್ಕ ತಂದುಬಿಡೋ, ನಾ ಎಬ್ಬಸ್ತೇನಿ" ಎಂದುಬಿಟ್ಟೆ.

ಹವಾಲ್ದಾರ ಎಂದರೆ ಅವನ ಕುರಿ ಕಾಯುವ ನಾಯಿ. ಉಣ್ಣಿ ಕಚ್ಚಿ ಬಂದ ಜ್ವರ ತಿಂಗಳುಗಟ್ಟಲೆ ಅದನ್ನು ಹಿಂಡಿ ಹಾಕಿತ್ತು. ಈಗ ಜ್ವರ ಬಿಟ್ಟಿದ್ದರೂ ಹಿಂಗಾಲಲ್ಲಿ ಬಲವಿರಲಿಲ್ಲ. ಇತ್ತ ಕಾವಲಿಲ್ಲದ ಹಿಂಡಿಗೆ ತೋಳದ ಕಾಟ ಶುರುವಾಗಿತ್ತು. "ಇವ ಏಳಲಿಲ್ಲಂದ್ರ ಕುರಿ ಮಾರೂದ ಸೈ" ಎನ್ನುತ್ತ ಬಸವರಾಜ ನಾಯಿಯನ್ನೂ, ಅದು ಮಲಗುವ ಕಂಬಳಿಯನ್ನೂ ಇಳಿಸಿ ಕಣ್ಣೊರೆಸಿಕೊಂಡು ಹೋದ. ಎರಡೂ ಕುರಿಯ ವಾಸನೆ ಹೊಡೆಯುತ್ತಿದ್ದವು.

ಪಶುವೈದ್ಯೆ ಬಂದು ನೋಡಿದರು. "ಗುಳಿಗಿ ಕೊಡ್ರಿ, ಮೆತ್ತನ್ನ ಅನ್ನ ಹಾಕ್ರಿ. ಜಬರ್ದಸ್ತಿ ಮಾಡಬ್ಯಾಡ್ರಿ. ಮನಸ್ಸು ಬಂದಾಗ ತಾನ ಏಳತೈತಿ."

ಗುಳಿಗೆಯನ್ನು ರೊಟ್ಟಿಯಲ್ಲಿ ಮುಚ್ಚಿಟ್ಟೆ. ರೊಟ್ಟಿ ತಿಂದು ಗುಳಿಗೆ ಉಗುಳಿತು. ಬೆಣ್ಣೆ ಹಚ್ಚಿ ಕೊಟ್ಟೆ. ಬೆಣ್ಣೆ ನೆಕ್ಕಿ ಗುಳಿಗೆಯನ್ನು ನನ್ನ ಕಡೆ ಸರಿಸಿತು. ಪ್ರಾಮಾಣಿಕ ನಾಯಿ! ಮಾಡಿ ತೋರಿಸದೆ ಯಾವ ವಿದ್ಯಾರ್ಥಿಯೂ ಕಲಿಯುವುದಿಲ್ಲವೆಂಬುದು ನನ್ನ ಸಿದ್ಧಾಂತ. ಹೊಸ ಗುಳಿಗೆಯೊಂದನ್ನು ನಾಲಿಗೆಯ ಮೇಲಿಟ್ಟುಕೊಂಡು, "ನೋಡಪಾ ಹವಾಲ್ದಾರ, ಹಿಂಗ..." ಎಂದೆ.

ಗುಳಿಗೆ ಒಳಗೆ ಹೋಯಿತು!

ನನ್ನ ಹೆಂಡತಿ ಗಿರಿಜಾ ಗಾಬರಿಯಿಂದ ವೈದ್ಯೆಗೆ ಫೋನು ಹಚ್ಚಿದಳು. "ಮೇಡಮ್ಮರ, ನಾಯಿ ಗುಳಿಗಿ ನಮ್ಮ ಮನಿಯವರು ನುಂಗ್ಯಾರ್ರಿ!"

ಆ ಕಡೆ ವೈದ್ಯೆ ಗುಳಿಗೆಯ ಬಣ್ಣ ಕೇಳಿಕೊಂಡರು. ಆಮೇಲೆ, "ಅದು ಶಕ್ತಿ ಗುಳಿಗಿರಿ. ಏನೂ ಆಗಂಗಿಲ್ಲ. ಕೂದಲಾ ಹೊಳೀತಾವು, ಅಷ್ಟ."

ಗಿರಿಜಾ ನನ್ನ ತಲೆಯನ್ನೊಮ್ಮೆ ನೋಡಿದಳು. "ಹಂಗಾರ ಅದೂ ಆಗಂಗಿಲ್ಲ ಬಿಡ್ರಿ."

ಅಂದಿನಿಂದ ಗುಳಿಗೆಯ ಖಾತೆ ಅವಳ ಕೈಗೆ ಹೋಯಿತು. ಅನ್ನದ ಉಂಡೆಯಲ್ಲಿಟ್ಟು ಕೊಟ್ಟಳು. ನಾಯಿ ಮರುಮಾತಿಲ್ಲದೆ ನುಂಗಿತು.

ದಿನ ಕಳೆದವು. ಹವಾಲ್ದಾರ ತಿನ್ನುತ್ತಿತ್ತು, ಮಲಗುತ್ತಿತ್ತು, ಏಳುತ್ತಿರಲಿಲ್ಲ. ನಾನು ಗಂಭೀರವಾಗಿ ಯೋಚಿಸಿ ರೋಗ ಪತ್ತೆ ಮಾಡಿದೆ. ಕೆಲಸವಿಲ್ಲದ ಬೇಸರ! ನಿವೃತ್ತಿಯಾದ ಮೇಲೆ ನನಗೂ ಹೀಗೇ ಆಗಿತ್ತು. ಅದಕ್ಕೆ ಬೇಕಾದದ್ದು ಕುರಿ. ಆದರೆ ನಮ್ಮ ಓಣಿಯಲ್ಲಿ ಅಪಾರ್ಟ್‌ಮೆಂಟುಗಳು ಬೇಕಾದಷ್ಟಿವೆ, ಕುರಿ ಒಂದೂ ಇಲ್ಲ.

ಮರುದಿನ ಬೆಳಿಗ್ಗೆ ಗಿರಿಜಾ ಕಾಯಿಪಲ್ಲೆಗೆ ಹೋದದ್ದೇ ತಡ, ಹವಾಲ್ದಾರನನ್ನು ಎತ್ತಿಕೊಂಡು ಹೋಗಿ ಪಕ್ಕದ ಖಾಲಿ ಸೈಟಿನಲ್ಲಿ ಮಲಗಿಸಿದೆ. ಅದರ ಕಂಬಳಿಯನ್ನು ನಾನು ಹೊದ್ದುಕೊಂಡೆ. ನಾಲ್ಕು ಕಾಲಿನ ಮೇಲೆ ನಿಂತು, "ಬ್ಯಾ..." ಎಂದೆ.

ಕಂಪೌಂಡಿನ ಮೇಲಿಂದ ಒಂದು ತಲೆ ಮೂಡಿತು. ನೆರೆಮನೆಯ ರೆಹಮಾನ ಕಾಕಾ. ಸ್ಕೂಟರ್ ಗ್ಯಾರೇಜಿನವರು.

"ಏನ್ರಿ ಮಾಸ್ತರ, ಏನಾರ ಕಳಕೊಂಡೀರೇನು?"

"ಇಲ್ಲ ಕಾಕಾ, ಕುರಿ ಆಗೇನಿ."

"ಯಾವಾಗಿಂದ್ರಿ?"

ಉತ್ತರಿಸಲು ತಿರುಗಿದೆ. ಸೊಂಟದಲ್ಲಿ ಖಟ್ ಎಂದಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ! "ಅಯ್ಯಯ್ಯಪ್ಪಾ!" ಎಂದು ನಾನು ಕೂಗಿದ ಕೂಗಿಗೆ ಹವಾಲ್ದಾರನ ಕಿವಿ ನೆಟ್ಟಗಾದವು. ಮುಂಗಾಲು ಊರಿತು. ಹಿಂಗಾಲು ನಡುಗಿದವು, ಜಾರಿದವು, ಮತ್ತೆ ಊರಿದವು. ಎದ್ದೇಬಿಟ್ಟಿತು! ತೂರಾಡುತ್ತ ನನ್ನತ್ತ ಬಂತು. ನೋವಿನಲ್ಲೂ ನನ್ನ ಕಣ್ಣು ತುಂಬಿದವು. "ಬಾರಪಾ ನನ್ನ ರಾಜಾ" ಎಂದೆ.

ರಾಜ ಹಿಂದಿನಿಂದ ಬಂದು ಹಿಮ್ಮಡಿ ಕಚ್ಚಿದ.

ನಿಲ್ಲುವಂತಿಲ್ಲ, ಕೂರುವಂತಿಲ್ಲ. ತೆವಳಿಸಿ ತೆವಳಿಸಿ ನನ್ನನ್ನು ಕಂಪೌಂಡಿನ ಮೂಲೆಗೆ ತಂದು ಸೇರಿಸಿ, ಎದುರಿಗೆ ಕುಳಿತು ಕಾವಲು ಶುರುಮಾಡಿತು. ಎತ್ತಲು ಬಂದ ಕಾಕಾನ ಮೇಲೆ ಗುರ್ ಎಂದಿತು. ಕುರಿಗಳ್ಳನೆಂದು ತಿಳಿಯಿತೋ ಏನೋ!

"ಮಾಸ್ತರ, ಇಂವ ನಿಮ್ಮನ್ನ ಬಿಡಂಗ ಕಾಣವಲ್ಲ" ಎಂದು ಕಾಕಾ ಹಿಂದೆ ಸರಿದರು.

ಅಷ್ಟರಲ್ಲಿ ಗಿರಿಜಾ ಬಂದಳು. ಕಾಯಿಪಲ್ಲೆ ಚೀಲ ಅಲ್ಲೇ ಬಿತ್ತು. "ಎದ್ದಾನ! ರೀ, ಹವಾಲ್ದಾರ ಎದ್ದಾನ ನೋಡ್ರಿ!" ಎಂದು ಅಳುತ್ತ ನಾಯಿಯನ್ನು ತಬ್ಬಿಕೊಂಡಳು.

"ಅವ ಎದ್ದಾನ ಖರೇ. ನನ್ನ ಯಾರ ಎಬ್ಬಸ್ತೀರಿ?"

ಯಾರಿಗೂ ಪುರುಸೊತ್ತಿರಲಿಲ್ಲ. ಅರ್ಧ ಓಣಿ ಮೊಬೈಲು ಹಿಡಿದು ನಿಂತಿತ್ತು.

ಆಮೇಲೆ ಹವಾಲ್ದಾರ ದಿನೇ ದಿನೇ ಗಟ್ಟಿಯಾಯಿತು. ನಾನು ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಮಲಗಿದೆ. ನಾಯಿಯನ್ನು ನೋಡಲು ಬಂದ ವೈದ್ಯೆಗೆ ನನ್ನ ಚಿಕಿತ್ಸಾ ಕ್ರಮವನ್ನು ಹೆಮ್ಮೆಯಿಂದ ವಿವರಿಸಿದೆ. ಅವರು ಸಮಾಧಾನದಿಂದ ಕೇಳಿ, "ಅದು ಏಳೂ ಹೊತ್ತು ಬಂದಿತ್ತರಿ ಸರ್. ನೀವು ಬೀಳದಿದ್ರೂ ಏಳತಿತ್ತು" ಎಂದರು.

ಬಸವರಾಜ ಬಂದು ನಾಯಿಯನ್ನು ಕರೆದೊಯ್ದ. ಮೊನ್ನೆ ಅವನ ಫೋನು ಬಂತು. "ಮಾಮಾ, ಹವಾಲ್ದಾರ ಮೊದಲಿನಂಗ ಆಗ್ಯಾನ್ರಿ. ಎಲ್ಲಾ ಕುರಿ ಅವನ ಮಾತು ಕೇಳ್ತಾವು. ಒಂದ ಒಂದು ಮಾತ್ರ ಹೇಳಿದ್ದು ಕೇಳಂಗಿಲ್ಲ, ಎಲ್ಲ್ಯಾರ ಹೋಗಿ ಸಿಗಬಿದ್ದು ಒದರತೈತಿ. ಅದಕ್ಕ ನಾವೆಲ್ಲಾ ಪ್ರೀತಿಲೆ ಮಾಸ್ತರ ಅಂತ ಹೆಸರಿಟ್ಟೇವ್ರಿ."

ನನಗೆ ಒಳಗೊಳಗೇ ತುಸು ಹೆಮ್ಮೆಯಾಯಿತು. "ಟಗರೇನೋ?" ಎಂದೆ.

"ಇಲ್ರಿ ಮಾಮಾ," ಎಂದ ಬಸವರಾಜ. "ಮುದಿ ಕುರಿ."